ಟೇಬಲ್ ಟೆನ್ನಿಸ್ ರಬ್ಬರು: ಆಟದ ಅಳವಿಗೆ ತಕ್ಕ ಆಯ್ಕೆ

ದೇಹಕ್ಕೆ ವ್ಯಾಯಾಮವನ್ನೂ ಕಣ್ಣಿಗೆ ಚುರುಕನ್ನೂ ಒಟ್ಟಿಗೇ ಒದಗಿಸುವ ಆಟಗಳಲ್ಲಿ ಟೇಬಲ್ ಟೆನ್ನಿಸಿಗೆ ವಿಶಿಷ್ಟ ಸ್ಥಾನವಿದೆ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ (ಹಿಂದಿನ ಔರಂಗಾಬಾದು) ನೌಕರಿಯ ನಿಮಿತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಈ ಆಟಕ್ಕೆ ಒಲಿದರೆ ಅದು ಸಂತೋಷದ ಸಂಗತಿಯೇ. ಆದರೆ ಮಗುವಿಗೆ ಆಸಕ್ತಿ ಹುಟ್ಟಿದೊಡನೆ ತಂದೆಯಾದವನು ಅಂಗಡಿಗೆ ಧಾವಿಸಿ, ಇದ್ದುದರಲ್ಲಿ ಅತ್ಯಂತ ದುಬಾರಿಯಾದ ರಬ್ಬರನ್ನು ಬ್ಯಾಟಿಗೆ ಅಂಟಿಸಿಕೊಂಡು ಬರುವುದುಂಟು. ಕೆಲವು ತಿಂಗಳಲ್ಲಿ ಮಗು ತನಗೆ ಆಟವೇ ಬರದೆಂದು ಬ್ಯಾಟನ್ನು ಮೂಲೆಗಿಡುತ್ತದೆ. ದೋಷ ಮಗುವಿನದಲ್ಲ, ರಬ್ಬರಿನದೂ ಅಲ್ಲ, ಇವೆರಡರ ಹೊಂದಾಣಿಕೆಯದು.

ರಬ್ಬರಿನ ಮಹತ್ವ ಜಗತ್ತಿಗೆ ಮನವರಿಕೆಯಾದದ್ದು ಮಹಾರಾಷ್ಟ್ರದ ನೆಲದಲ್ಲೇ ಎಂಬುದು ಸ್ವಾರಸ್ಯಕರ. 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನೊಡನೆ ಬಂದು ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಚೆಂಡು ಬ್ಯಾಟಿಗೆ ತಗುಲಿದ ಸದ್ದೇ ಕೇಳಿಸದೆ ಎದುರಾಳಿಗಳು ತಬ್ಬಿಬ್ಬಾದರು. ಬಹಳಷ್ಟು ಚರ್ಚೆಯ ತರುವಾಯ 1959ರಲ್ಲಿ ಬರಿಯ ಸ್ಪಂಜನ್ನು ನಿಷೇಧಿಸಿ, ಸ್ಪಂಜಿನ ಮೇಲೆ ರಬ್ಬರಿನ ಹಾಳೆಯಿರುವ ಜೋಡಿಗೆ ಸಮ್ಮತಿ ನೀಡಲಾಯಿತು. ಅಂಟೂ ಸೇರಿ ಅದರ ದಪ್ಪ 4 ಮಿಲಿಮೀಟರನ್ನು ಮೀರುವಂತಿಲ್ಲ. ಇಂದಿಗೂ ಇದೇ ನಿಯಮ.

ಈ ಜೋಡಿಯಲ್ಲಿ ಮೇಲಿನ ಹಾಳೆ ಚೆಂಡನ್ನು ಹಿಡಿದು ತಿರುಗಿಸುತ್ತದೆ. ಒಳಗಿನ ಸ್ಪಂಜು ಕುಗ್ಗಿ, ಮತ್ತೆ ಹಿಗ್ಗಿ, ಚೆಂಡನ್ನು ಚಿಮ್ಮಿಸುತ್ತದೆ. ಸ್ಪಂಜು ದಪ್ಪವಾದಷ್ಟೂ ವೇಗ ಹೆಚ್ಚು, ಹಿಡಿತ ಕಷ್ಟ. ಹಾಳೆಗೆ ಪಟ್ಟು ಹೆಚ್ಚಿದಷ್ಟೂ ಆಟಗಾರ ಕೊಡುವ ಸ್ಪಿನ್ನೂ ಹೆಚ್ಚು. ಆದರೆ ಎದುರಾಳಿ ಕೊಟ್ಟ ಸ್ಪಿನ್ನನ್ನೂ ಆ ಹಾಳೆ ಅಷ್ಟೇ ನಿಷ್ಠೆಯಿಂದ ಸ್ವೀಕರಿಸುತ್ತದೆಂಬುದನ್ನು ಅಂಗಡಿಯವನು ಹೇಳುವುದಿಲ್ಲ. ಲಾಭ ಹೆಚ್ಚಿರುವಲ್ಲಿ ಅಪಾಯವೂ ಹೆಚ್ಚೆಂಬ ವ್ಯವಹಾರದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಕೇವಲ 2.7 ಗ್ರಾಂ ತೂಕದ ಚೆಂಡು ಅತಿವೇಗದ ರಬ್ಬರಿಗೆ ತಾಕಿದರೆ ಸಾಕು, ಮೇಜು ದಾಟಿ ಹೋಗುತ್ತದೆ. ಹೆದರಿದ ಮಗು ತೋಳನ್ನು ಪೂರ್ತಿ ಬೀಸುವುದನ್ನೇ ಬಿಟ್ಟು, ಮಣಿಕಟ್ಟಿನಿಂದ ಚೆಂಡನ್ನು ತಡೆದು ನೂಕಲಾರಂಭಿಸುತ್ತದೆ. ಹೀಗೆ ಮೊಟಕಾದ ಹೊಡೆತವನ್ನು ಮುಂದೆ ತಿದ್ದುವುದು ತರಬೇತುದಾರನಿಗೆ ದೊಡ್ಡ ತಲೆನೋವು.

ಹಾಗೆಂದು ಆಟಿಕೆಯ ಅಂಗಡಿಯ ನುಣುಪು ಬ್ಯಾಟೂ ಸಲ್ಲದು. ಚೆಂಡನ್ನು ಹಿಡಿಯದ ರಬ್ಬರಿನಿಂದ ಸ್ಪಿನ್ನಿನ ಪಾಠವೇ ಸಿಗುವುದಿಲ್ಲ. ಹೊಸಬರಿಗೆ ಎರಡೂ ಬದಿಗೆ ಒಂದೇ ಬಗೆಯ, ಪಟ್ಟುಳ್ಳ, ನಯಮೈಯ ರಬ್ಬರು; ಸ್ಪಂಜು ಮೃದು ಅಥವಾ ಮಧ್ಯಮ, ದಪ್ಪ 1.5ರಿಂದ 1.8 ಮಿಲಿಮೀಟರು, ಜೊತೆಗೆ ಸರ್ವೋಪಯೋಗಿ ಮರದ ಬ್ಯಾಟು. ಇಷ್ಟು ಸಾಕು. ಯಾಸಕಾದ ಮಾರ್ಕ್ ಫೈವ್, ಬಟರ್‌ಫ್ಲೈಯ ಸ್ರೈವರ್ ಮುಂತಾದ ಹಳೆಯ ರಬ್ಬರುಗಳನ್ನೇ ತೆಳು ಸ್ಪಂಜಿನಲ್ಲಿ ಬಳಸಿ ಆಟ ಕಲಿತವರು ಜಗತ್ತಿನಾದ್ಯಂತ ಇದ್ದಾರೆ. ಒಂದೊಂದು ಹಾಳೆಗೆ ಹಲವು ಸಾವಿರ ರೂಪಾಯಿ ತೆರುವ ಅಗತ್ಯ ಈ ಹಂತದಲ್ಲಿಲ್ಲ. ಹಿರಿಯ ಆಟಗಾರರು ಬಳಸಿ ಬಿಟ್ಟ ಉತ್ತಮ ರಬ್ಬರನ್ನು ಕಿರಿಯರಿಗೆ ದಾನ ಮಾಡುವುದು ಸದುದ್ದೇಶದ್ದೇ. ಆದರೆ ಹಿಡಿತ ಸತ್ತು ವೇಗ ಮಾತ್ರ ಉಳಿದ ರಬ್ಬರು ಕಲಿಯುವವನಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಫೋರ್‌ಹ್ಯಾಂಡ್ ಹೊಡೆತ ಇಪ್ಪತ್ತು ಮೂವತ್ತು ಬಾರಿ ತಪ್ಪದೆ ಮೇಜಿನ ಮೇಲೆ ಬೀಳುವಂತಾದ ಮೇಲೆ, ಆ ಬದಿಗೆ ಮಾತ್ರ 2 ಮಿಲಿಮೀಟರಿನ ಆಸುಪಾಸಿನ ಸ್ಪಂಜಿಗೆ ಏರಬಹುದು. ಬ್ಯಾಕ್‌ಹ್ಯಾಂಡ್ ಬದಿಗೆ ಅವಸರ ಬೇಡ. ಅತಿ ದಪ್ಪದ ಗಡಸು ಸ್ಪಂಜು ನಿತ್ಯ ಗಂಟೆಗಟ್ಟಲೆ ಅಭ್ಯಾಸ ಮಾಡುವವರಿಗೆ ಸೇರಿದ್ದು. ಅದು ಬಲವಾಗಿ ಹೊಡೆದವನಿಗೆ ಮಾತ್ರ ಬಲ ಕೊಡುತ್ತದೆ. ಕ್ಯಾಟಲಾಗುಗಳಲ್ಲಿ ಕಾಣುವ ವೇಗ, ಸ್ಪಿನ್ನುಗಳ ಅಂಕಿಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸುವಂತಿಲ್ಲ. ಪ್ರತಿಯೊಬ್ಬರ ಅಳತೆಗೋಲೂ ಬೇರೆ.

ಪಿಂಪಲ್ಸ್ ಹೊರಮುಖವಾಗಿರುವ ರಬ್ಬರಿನ ಮಾತೇ ಬೇರೆ. ಉದ್ದ ಪಿಂಪಲ್ಸ್ ಎದುರಾಳಿಯ ಸ್ಪಿನ್ನನ್ನು ಅವನಿಗೇ ಮರಳಿಸುತ್ತದೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡಿಗೆ ಇದನ್ನು ಬಳಸಿ ಹೆಸರಾದವರು. ಅವರನ್ನು ಕಂಡು ಹತ್ತು ವರ್ಷದ ಮಗುವಿಗೂ ಅದನ್ನೇ ಅಂಟಿಸಿದರೆ ಒಂದೆರಡು ಸ್ಥಳೀಯ ಪಂದ್ಯಗಳು ದಕ್ಕಬಹುದು, ಬ್ಯಾಕ್‌ಹ್ಯಾಂಡ್ ಮಾತ್ರ ದಕ್ಕುವುದು ಸಂಶಯ. ಕಾಲಿನ ವೇಗ ಕುಂದಿದ ಐವತ್ತರಾಚೆಯ ಆಟಗಾರರಿಗಾದರೋ ಇದು ವರದಾನವಾಗಬಲ್ಲದು.

ನಡುವಯಸ್ಸಿನಲ್ಲಿ ವ್ಯಾಯಾಮಕ್ಕಾಗಿ ಆಟ ಹಿಡಿಯುವವರು ಬ್ಯಾಟಿನ ತೂಕವನ್ನೂ ಗಮನಿಸಬೇಕು. ದಪ್ಪ ಹಾಗೂ ಗಡಸು ರಬ್ಬರುಗಳು ಬ್ಯಾಟಿನ ತಲೆಭಾರವನ್ನು ಹೆಚ್ಚಿಸುತ್ತವೆ. ಮಣಿಕಟ್ಟು, ಮೊಣಕೈಗಳ ನೋವಿಗೆ ಇದೂ ಕಾರಣವಾಗಬಹುದು. ನೋವು ತೋರಿದರೆ ತೆಳುವಾದ ಹಗುರ ರಬ್ಬರಿಗೆ ಇಳಿಯುವುದರಲ್ಲಿ ಅವಮಾನವೇನೂ ಇಲ್ಲ. ಅಂಟಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹಿಂದೆ ಸೈಕಲ್ ಟ್ಯೂಬಿನ ಸೊಲ್ಯೂಷನ್ನನ್ನೇ ಬಳಿಯುತ್ತಿದ್ದರು. ಇಂಥ ಅಂಟುಗಳಿಂದೇಳುವ ಆವಿ ಶ್ವಾಸಕ್ಕೆ ಹಾನಿಕರವಾದ್ದರಿಂದ ಅವನ್ನು 2008ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಂದ ನಿಷೇಧಿಸಲಾಯಿತು. ಮನೆಯಲ್ಲಿಯೂ ನೀರಿನಲ್ಲಿ ಬೆರೆತ ಅಂಟನ್ನೇ ಉಪಯೋಗಿಸುವುದು ಕ್ಷೇಮ.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ನಾಸಿಕದ ಮಳೆಗಾಲದಲ್ಲಿ ತೇವ ಕೂತ ರಬ್ಬರಿನ ಮೇಲೆ ಚೆಂಡು ಜಾರುತ್ತದೆ; ಆಟದ ನಡುವೆ ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು. ಸಂಭಾಜಿನಗರದ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿ ಬ್ಯಾಟನ್ನು ಬಿಟ್ಟರೆ ರಬ್ಬರು ಬೇಗನೆ ಗಡಸಾಗಿ ಬಿರಿಯುತ್ತದೆ. ಆಟ ಮುಗಿದೊಡನೆ ಒದ್ದೆ ಸ್ಪಂಜಿನಿಂದ ಧೂಳು ತೆಗೆದು, ಒಣಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿಟ್ಟರೆ ಅದರ ಬಾಳಿಕೆ ಹೆಚ್ಚುತ್ತದೆ. ಹೊಸ ರಬ್ಬರು ಅಂಟಿಸಿದ ದಿನಾಂಕವನ್ನು ಬ್ಯಾಟಿನ ಹಿಡಿಯ ಮೇಲೆ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯ ರೂಢಿ. ಮೈ ಹೊಳಪೇರಿ, ಚೆಂಡನ್ನು ಒತ್ತಿ ಎಳೆದಾಗ ತಡೆಯದೆ ಜಾರಿದರೆ ಬದಲಿಸುವ ಕಾಲ ಬಂದಿತೆಂದೇ ಅರ್ಥ.