ಕಂಪೈಲರ್‌ಗೆ ಮೆಮೊರಿ ಸಾಲದೇ ಹೋದಾಗ

1 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ದೊಡ್ಡ ತಂತ್ರಾಂಶವೊಂದನ್ನು ಕಂಪೈಲ್ ಮಾಡಲು ಕೂತವರಿಗೆ 'ಕಿಲ್ಡ್' ಎಂಬ ಸಂದೇಶ ಹೊಸದಲ್ಲ. ಅದನ್ನು ಕಂಡೊಡನೆ ಕೆಲವರು ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕತೊಡಗುತ್ತಾರೆ, ಇನ್ನು ಕೆಲವರು ಯಂತ್ರವನ್ನೇ ಮೂಲೆಗೆ ಹಾಕುತ್ತಾರೆ. ಸಾಮಾನ್ಯವಾಗಿ ಎರಡರ ಅಗತ್ಯವೂ ಇರುವುದಿಲ್ಲ.

ರ್‍ಯಾಮ್ ಮತ್ತು ಅದರ ನೆರವಿಗೆ ಡಿಸ್ಕ್‌ನಲ್ಲಿ ಕಾದಿಟ್ಟ ಸ್ವಾಪ್ ಜಾಗ ಎರಡೂ ಬರಿದಾದಾಗ, ಇಡೀ ವ್ಯವಸ್ಥೆ ಕುಸಿಯದಿರಲೆಂದು ಲಿನಕ್ಸ್ ಕರ್ನೆಲ್ ಹೆಚ್ಚು ಮೆಮೊರಿ ಹಿಡಿದಿರುವ ಒಂದು ಪ್ರೋಸೆಸ್ ಅನ್ನು ಆರಿಸಿ ಕೊಲ್ಲುತ್ತದೆ. ಕಂಪೈಲ್ ನಡೆಯುವಾಗ ಹಾಗೆ ಬಲಿಯಾಗುವುದು ಬಹುತೇಕ ಕಂಪೈಲರೇ. ಕರ್ನೆಲ್‌ನ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಎಂಬ ಸಾಲು ಸಿಕ್ಕರೆ ಕಾರಣ ಖಚಿತ.

ಕಂಪೈಲರ್‌ಗೆ ಇಷ್ಟೊಂದು ಮೆಮೊರಿ ಏಕೆ? ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿಸುವ ಪುಟ್ಟ ಪ್ರೋಗ್ರಾಮ್ ಕೂಡ 'ಐಓಸ್ಟ್ರೀಮ್' ಹೆಡರ್ ಸೇರಿಸಿದೊಡನೆ ಹತ್ತಾರು ಸಾವಿರ ಸಾಲುಗಳಿಗೆ ಹಿಗ್ಗುತ್ತದೆ. ಅಷ್ಟನ್ನೂ ಓದಿ, ಅದರ ರಚನೆಯನ್ನು ಕಂಪೈಲರ್ ಮೆಮೊರಿಯಲ್ಲೇ ಕಟ್ಟಿಕೊಳ್ಳಬೇಕು. ಒಂದೇ ಟೆಂಪ್ಲೇಟ್ ಅನ್ನು ಹತ್ತು ಬಗೆಯ ದತ್ತಾಂಶಕ್ಕೆ ಬಳಸಿದರೆ ಹತ್ತು ಪ್ರತಿಗಳಾಗುತ್ತವೆ. ಆಪ್ಟಿಮೈಸೇಶನ್ ಮತ್ತು ಡಿಬಗ್ ಮಾಹಿತಿಯ ಹೊರೆ ಬೇರೆ.

ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಬಳಕೆಯಲ್ಲ, ಏಕಕಾಲದ ಗರಿಷ್ಠ ಬಳಕೆ. 'ಮೇಕ್ -ಜೆ4' ಎಂದರೆ ನಾಲ್ಕು ಕಡತಗಳು ಒಟ್ಟಿಗೆ ಕಂಪೈಲ್ ಆಗುತ್ತವೆ. ಒಂದೊಂದಕ್ಕೆ 400 ಎಂಬಿ ಬೇಕಾದರೂ 1,600 ಎಂಬಿ ಆಯಿತು. ಹಾಗಾಗಿ ಮೊದಲು ಮಾಡಬೇಕಾದದ್ದು '-ಜೆ1'. ಅದಕ್ಕೂ ಮಣಿಯದಿದ್ದರೆ ಡಿಸ್ಕ್‌ನಲ್ಲಿ 2 ಜಿಬಿಯ ಸ್ವಾಪ್ ಕಡತ ಮಾಡಿಕೊಳ್ಳಿ. ಡಿಸ್ಕ್ ರ್‍ಯಾಮ್‌ಗಿಂತ ಬಹಳ ನಿಧಾನ, ಆದರೂ ಕೆಲಸ ಮುಗಿಯುತ್ತದೆ. ಡಿಬಗ್‌ನ '-ಜಿ' ತೆಗೆದು, '-ಓ2' ಬದಲು '-ಓ1' ಕೊಟ್ಟರೆ ಹೊರೆ ಇನ್ನಷ್ಟು ಇಳಿಯುತ್ತದೆ.

ಜಿಸಿಸಿ ಕಂಪೈಲರ್ ತಾನು ಬಳಸಿ ಬಿಟ್ಟ ಮೆಮೊರಿಯನ್ನು ಆಗಾಗ ಗುಡಿಸುತ್ತದೆ. 1 ಜಿಬಿ ಅಥವಾ ಹೆಚ್ಚು ರ್‍ಯಾಮ್ ಇದ್ದರೆ, ಬಳಕೆ ದುಪ್ಪಟ್ಟಾಗುವವರೆಗೂ ಮತ್ತೆ ಗುಡಿಸುವ ಗೋಜಿಗೆ ಹೋಗುವುದಿಲ್ಲ. 'ಜಿಜಿಸಿ-ಮಿನ್-ಎಕ್ಸ್‌ಪ್ಯಾಂಡ್' ಎಂಬ ಆಯ್ಕೆಯ ಮೌಲ್ಯವನ್ನು 10ಕ್ಕೆ ಇಳಿಸಿದರೆ ಶೇ. 10ರಷ್ಟು ಬೆಳೆದಾಗಲೇ ಗುಡಿಸುತ್ತದೆ.

32 ಬಿಟ್ ಯಂತ್ರದಲ್ಲಿ ಇನ್ನೊಂದು ಗೋಡೆಯಿದೆ. ಅಲ್ಲಿ ವಿಳಾಸಗಳಿರುವುದೇ 4 ಜಿಬಿಗೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರೋಸೆಸ್‌ಗೆ ಸಿಗುವುದು 3 ಜಿಬಿ. ಅದನ್ನು ಮೀರಿದರೆ ಎಷ್ಟು ಸ್ವಾಪ್ ಕೊಟ್ಟರೂ ಪ್ರಯೋಜನವಿಲ್ಲ. ಕಡತವನ್ನು ಒಡೆಯಬೇಕು, ಇಲ್ಲವೇ ಬೇರೆ ಯಂತ್ರದಲ್ಲಿ ಕ್ರಾಸ್ ಕಂಪೈಲ್ ಮಾಡಬೇಕು.

ಮೆಮೊರಿಯ ಕೊರತೆ ಹೊಸದೇನಲ್ಲ. 1960ರ ದಶಕದ ಐಬಿಎಂ 1401 ಕಂಪ್ಯೂಟರ್‌ನ ಫೋರ್ಟ್ರಾನ್ ಕಂಪೈಲರ್‌ಗೆ 8,000 ಅಕ್ಷರಗಳಷ್ಟು ಮೆಮೊರಿ ಸಾಕಾಗುತ್ತಿತ್ತು. ಬಳಕೆದಾರನ ಪ್ರೋಗ್ರಾಮ್ ಮೆಮೊರಿಯಲ್ಲೇ ಉಳಿಯುತ್ತಿತ್ತು; ಕಂಪೈಲರೇ 63 ಹಂತಗಳಾಗಿ ಒಂದರ ಹಿಂದೊಂದು ಬಂದು ತನ್ನ ಪಾಲಿನ ಕೆಲಸ ಮುಗಿಸಿ ಜಾಗ ಬಿಡುತ್ತಿತ್ತು. ಮೆಮೊರಿಯ ಕೊರತೆಯನ್ನು ಸಮಯದಿಂದ ತುಂಬಿಕೊಳ್ಳಬಹುದೆಂದು ಆ ಎಂಜಿನಿಯರ್‌ಗಳು ತೋರಿಸಿದ್ದರು. ನಮ್ಮ '-ಜೆ1' ಮಾಡುವುದೂ ಅದನ್ನೇ.

ಆದ್ದರಿಂದ ಊಹೆ ಬಿಟ್ಟು ಅಳೆಯಿರಿ. ಲಿನಕ್ಸ್‌ನ 'ಟೈಮ್' ಉಪಕರಣಕ್ಕೆ '-ವಿ' ಸೇರಿಸಿ ಅತಿ ಭಾರದ ಕಡತವೊಂದನ್ನು ಕಂಪೈಲ್ ಮಾಡಿದರೆ ಗರಿಷ್ಠ ಬಳಕೆ ತಿಳಿಯುತ್ತದೆ. ಖಾಲಿ ಇರುವ ರ್‍ಯಾಮ್‌ನಲ್ಲಿ ಅಂಥವು ಎಷ್ಟು ಹಿಡಿಯುತ್ತವೋ ಅಷ್ಟನ್ನೇ ಒಟ್ಟಿಗೆ ಓಡಿಸಿ. ಕಲಿಯುವ ಹುಡುಗರ ಕೈಗೆ ಸಿಗುವುದು ಹೆಚ್ಚಾಗಿ ಹಳೆಯ ಯಂತ್ರಗಳೇ. ಈ ಲೆಕ್ಕ ಗೊತ್ತಿದ್ದರೆ ಅವರ ಕಲಿಕೆ ರ್‍ಯಾಮ್‌ಗಾಗಿ ಕಾದು ಕೂರಬೇಕಿಲ್ಲ.