ದನಿ ಮತ್ತು ಸದ್ದು

ಬರೆದ ಮಾತು ಓಲೆಯಲ್ಲಿ ಉಳಿಯುತ್ತದೆ. ಕೆತ್ತಿದ ಮಾತು ಕಲ್ಲಿನಲ್ಲಿ ಉಳಿಯುತ್ತದೆ. ಆದರೆ ಹಾಡಿದ ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಲಯವಾಗುತ್ತದೆ. ಮೈಸೂರು ಸೀಮೆಯಲ್ಲಿ ಮಲೆಯ ಮಹದೇಶ್ವರನ ಕಥೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಈ ಕಾವ್ಯಗಳು ಬಹುಕಾಲ ಗಾಯಕರ ನಾಲಗೆಯ ಮೇಲೆಯೇ ಬದುಕಿದ್ದವು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯವು ಸ್ಥಾಪಿತವಾಯಿತು. ಅಂತಹ ಸಂಗ್ರಹಾಲಯದಲ್ಲಿ ಕಂಸಾಳೆಯ ಬಟ್ಟಲನ್ನು ಇಡಬಹುದು. ಅದರ ನಾದವನ್ನು ಇಡುವುದು ಹೇಗೆ?

ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟ ಉತ್ತರಗಳಲ್ಲಿ ಕಾಂತೀಯ ಧ್ವನಿಮುದ್ರಣವೂ ಒಂದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಮುದ್ರಿಸಿ ತೋರಿಸಿದನು. ಮುಂದೆ ತಂತಿಯ ಸ್ಥಾನಕ್ಕೆ ಟೇಪು ಬಂದಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯು ಅಂಗೈಯಲ್ಲಿ ಅಡಗುವಂತಹ ಕ್ಯಾಸೆಟ್ಟನ್ನು ಹೊರತಂದಿತು. ಅದನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿಯ ಜಗಲಿಗೂ ಜಾತ್ರೆಗೂ ಹೋಗುವುದು ಸುಲಭವಾಯಿತು. ಆದರೆ ಈ ಸೌಲಭ್ಯದೊಡನೆ ಒಂದು ತೊಡಕೂ ಬಂದಿತು. ಮುದ್ರಿಸಿದ ಹಾಡನ್ನು ಕೇಳುವಾಗ ಅದರ ಹಿಂದೆ 'ಸ್‌ಸ್‌ಸ್' ಎಂಬ ಸದ್ದು ಎಡೆಬಿಡದೆ ಕೇಳಿಸುತ್ತಿತ್ತು.

ಈ ಸದ್ದು ಎಲ್ಲಿಂದ ಬರುತ್ತದೆ? ಟೇಪು ಎಂಬುದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನಂತಹ ಕಾಂತೀಯ ವಸ್ತುವಿನ ಅತಿ ಸೂಕ್ಷ್ಮ ಕಣಗಳನ್ನು ಲೇಪಿಸಿರುತ್ತಾರೆ. ಮೈಕ್ ಧ್ವನಿಯನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು 'ಹೆಡ್' ಎಂಬ ಪುಟ್ಟ ವಿದ್ಯುತ್ಕಾಂತದ ಮೂಲಕ ಹರಿದು, ಎದುರಿನಲ್ಲಿ ಸಾಗುವ ಕಣಗಳನ್ನು ಕಾಂತಗಳನ್ನಾಗಿ ಮಾಡುತ್ತದೆ. ಕಣಗಳು ಬಿಡಿಬಿಡಿಯಾಗಿರುವುದರಿಂದ, ಏನನ್ನೂ ಮುದ್ರಿಸದಿದ್ದರೂ ಅವುಗಳ ಅಸ್ತವ್ಯಸ್ತವಾದ ಕಾಂತತೆಯೇ ಮೊರೆತವಾಗಿ ಕೇಳುತ್ತದೆ. ಕ್ಯಾಸೆಟ್ಟಿನ ಟೇಪಿನ ಅಗಲ 4 ಮಿಲಿಮೀಟರಿಗಿಂತ ಕಡಿಮೆ. ಅದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ನಿಧಾನವಾಗಿ ಸಾಗುತ್ತದೆ. ಹೀಗೆ ಧ್ವನಿಯ ಪಾಲಿಗೆ ದೊರೆಯುವ ಕಣಗಳು ಕಡಿಮೆಯಾದುದರಿಂದ ಮೊರೆತವು ಎದ್ದು ತೋರುತ್ತದೆ.

ಮೊರೆತವು ಹೆಚ್ಚಾಗಿ ತಾರಸ್ಥಾಯಿಯಲ್ಲಿದೆ. ಆ ಸ್ಥಾಯಿಯನ್ನೇ ಕತ್ತರಿಸಿಬಿಡಬಾರದೇಕೆ ಎಂದು ನೀವು ಕೇಳಬಹುದು. ಕಂಸಾಳೆಯ ಕಂಚಿನ ಝಣತ್ಕಾರವೂ ಮಾತಿನಲ್ಲಿ ಬರುವ ಸಕಾರ ಶಕಾರಗಳೂ ಇರುವುದು ಅಲ್ಲಿಯೇ. ಸದ್ದನ್ನು ಕತ್ತರಿಸಿದರೆ ದನಿಯೂ ಮಂಕಾಗುತ್ತದೆ.

ಅಮೆರಿಕದ ಎಂಜಿನಿಯರ್ ರೇ ಡಾಲ್ಬಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಕಂಡುಹಿಡಿದರು. ಅವರು 1963ರಿಂದ 1965ರವರೆಗೆ ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿದ್ದರು; 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯವನ್ನು ಆರಂಭಿಸಿದರು. ಅವರ ಕ್ರಮದಲ್ಲಿ, ಮುದ್ರಿಸುವಾಗ ತಾರಸ್ಥಾಯಿಯ ಮೆಲುದನಿಗಳನ್ನು ಮಾತ್ರ ಎತ್ತರಿಸಲಾಗುತ್ತದೆ. ಕೇಳಿಸುವಾಗ ಅಷ್ಟೇ ಪ್ರಮಾಣದಲ್ಲಿ ತಗ್ಗಿಸಲಾಗುತ್ತದೆ. ದನಿ ತನ್ನ ಮೊದಲಿನ ಮಟ್ಟಕ್ಕೆ ಮರಳುತ್ತದೆ. ನಡುವೆ ಟೇಪಿನಿಂದ ಸೇರಿಕೊಂಡ ಮೊರೆತವಾದರೋ ತಗ್ಗಿಯೇ ಉಳಿಯುತ್ತದೆ. ಮನೆಬಳಕೆಗೆಂದು ಬಂದ 'ಡಾಲ್ಬಿ ಬಿ' ಕ್ರಮವು ತಾರಸ್ಥಾಯಿಯ ಮೊರೆತವನ್ನು ಸುಮಾರು 10 ಡೆಸಿಬೆಲ್‌ನಷ್ಟು ಇಳಿಸಿತು.

ಆದರೆ ಯಂತ್ರದ ಉಪಾಯಕ್ಕಿಂತ ಮುದ್ರಿಸುವವನ ಎಚ್ಚರವೇ ಹೆಚ್ಚಿನದು. ಮೊದಲನೆಯದಾಗಿ, ಮೈಕ್ ಗಾಯಕನ ಸಮೀಪದಲ್ಲಿರಬೇಕು. ಬಯಲಿನಲ್ಲಿ ದೂರವು ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡನೆಯದಾಗಿ, ಮುದ್ರಣದ ಮಟ್ಟವು ಹದವಾಗಿರಬೇಕು. ತೀರ ತಗ್ಗಿದರೆ ದನಿ ಮೊರೆತದಲ್ಲಿ ಮುಳುಗುತ್ತದೆ. ತೀರ ಏರಿದರೆ ಒಡೆದು ಕರ್ಕಶವಾಗುತ್ತದೆ. ಹಾಡಿನ ಅತಿ ಗಟ್ಟಿಯಾದ ಭಾಗವನ್ನು ಮೊದಲೇ ಹಾಡಿಸಿ, ಮುಳ್ಳನ್ನು ನೋಡಿ ಮಟ್ಟವನ್ನು ಗೊತ್ತುಪಡಿಸುವುದು ಒಳ್ಳೆಯ ಪದ್ಧತಿ. ಮೂರನೆಯದಾಗಿ, ಮೈಕನ್ನು ಯಂತ್ರದಿಂದ ದೂರವಿಡಬೇಕು. ಇಲ್ಲದಿದ್ದರೆ ಮೋಟಾರಿನ ಸದ್ದೂ ಮುದ್ರಿತವಾಗುತ್ತದೆ. ಮನೆಯ ವಿದ್ಯುತ್ತಿನಿಂದ ಬರುವ ಗುಂಯ್‌ಗುಡುವಿಕೆಯನ್ನು ಬ್ಯಾಟರಿ ಬಳಸಿ ತಪ್ಪಿಸಬಹುದು. ಹೆಡ್ಡಿಗೆ ಅಂಟಿದ ಧೂಳನ್ನೂ ಲೇಪದ ಪುಡಿಯನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿರಬೇಕು. ಕೂದಲೆಳೆಗಿಂತ ತೆಳುವಾದ ಕೊಳೆಯೂ ತಾರಸ್ಥಾಯಿಯನ್ನು ನುಂಗಿಬಿಡಬಲ್ಲದು.

ಇಂದು ಕ್ಯಾಸೆಟ್ಟುಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಶಾಖ, ತೇವ ಮತ್ತು ಕಾಲಗಳಿಂದ ಹಳೆಯ ಟೇಪುಗಳು ಹಾಳಾಗುತ್ತಿವೆ. ಆದುದರಿಂದ ಅವುಗಳಲ್ಲಿರುವ ದನಿಯನ್ನು ಗಣಕಯಂತ್ರಕ್ಕೆ ವರ್ಗಾಯಿಸುವುದು ಅಗತ್ಯ. ಗಣಕಯಂತ್ರವು ಮೊರೆತವನ್ನು ಬಹಳಷ್ಟು ಕಳೆಯಬಲ್ಲದು. ಆದರೆ ಮುದ್ರಣದ ವೇಳೆಯಲ್ಲಿ ಹಿಡಿಯದೆ ಬಿಟ್ಟ ದನಿಯನ್ನು ಅದು ಸೃಷ್ಟಿಸಲಾರದು. ಆದಕಾರಣ ಮೂಲ ಮುದ್ರಣವನ್ನು ಅಳಿಸದೆ, ಅದರ ಪ್ರತಿಯ ಮೇಲೆ ಮಾತ್ರ ಶೋಧನೆಯನ್ನು ನಡೆಸಬೇಕು.

ಉಪಕರಣಗಳು ಬದಲಾದರೂ ನಿಯಮ ಬದಲಾಗಿಲ್ಲ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಟೇಪನ್ನು ಮತ್ತೆ ತರಬಹುದು. ನೂರಾರು ಸಾಲುಗಳ ಕಥನವನ್ನು ನೆನಪಿನಿಂದ ಹಾಡಿದ ವೃದ್ಧ ಗಾಯಕನು ಕಣ್ಮರೆಯಾದ ಮೇಲೆ ಅವನನ್ನು ಮತ್ತೊಮ್ಮೆ ಹಾಡೆಂದು ಕೇಳುವಂತಿಲ್ಲ. ಅವನು ಹಾಡುತ್ತಿರುವಾಗ ನಾವು ವಹಿಸುವ ಎಚ್ಚರವೇ ಮುಂದಿನವರಿಗೆ ಅವನ ದನಿಯನ್ನು ಮುಟ್ಟಿಸುತ್ತದೆ.