ಹಳೆ ಸ್ಕೋಪ್ ಕೊಳ್ಳುವ ಮುನ್ನ ಅರ್ಧ ಗಂಟೆ ಕಾಯಿರಿ

‘ಆನ್ ಆಗ್ತಿದೆಯಲ್ಲಪ್ಪ, ಇನ್ನೇನು ನೋಡ್ಬೇಕು?’ ಎಂದರು ಮಾರುವವರು. ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ದುಡಿದ ಕೂಲಿಯನ್ನು ಎಣಿಸಿ ಕೊಟ್ಟೆ. ಆ ಸೆಕೆಂಡ್‌ಹ್ಯಾಂಡ್ ಆಸಿಲೋಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಟ್ಟದಪುರಕ್ಕೆ ತಂದೆ. ಮನೆಯಲ್ಲಿ ಇಪ್ಪತ್ತು ನಿಮಿಷ ಓಡಿತಷ್ಟೆ, ಗೆರೆ ಮಂಕಾಗುತ್ತಾ ಮಾಯವಾಯಿತು.

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಜಿಲ್ಲೆ ನಮ್ಮದು. ನಮ್ಮ ಅಟ್ಟದಲ್ಲೂ ತಾತನ ವಾಲ್ವ್ ರೇಡಿಯೊ ಇತ್ತು. ಹಚ್ಚಿದರೆ ಬರೀ ‘ಗುಂಯ್’ ಸದ್ದು. ಮಲ್ಟಿಮೀಟರ್ 250 ವೋಲ್ಟ್ ಸರಿಯಾಗಿಯೇ ತೋರಿಸುತ್ತಿತ್ತು. ಅದರ ಜೊತೆ ಬೆರೆತ 100 ಹರ್ಟ್ಸ್ ಅಲೆಯನ್ನು ಕಣ್ಣಿಗೆ ಕಾಣಿಸಲು ಸ್ಕೋಪೇ ಬೇಕು. ಅಲೆ ದೊಡ್ಡದಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ ಎಂದರ್ಥ.

ಎರಡನೇ ಸಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಚೀಟಿ ಬರೆದುಕೊಂಡು ಹೋಗಿದ್ದೆ.

ಮೊದಲನೆಯದು, ಅರ್ಧ ಗಂಟೆ ಓಡಿಸಿ ನೋಡುವುದು. ಬ್ರೈಟ್‌ನೆಸ್ ಪೂರ್ತಿ ತಿರುಗಿಸಿದರೂ ಗೆರೆ ಮಂಕಾಗಿದ್ದರೆ ಟ್ಯೂಬ್ ಸವೆದಿರಬಹುದು. ಅದನ್ನು ಬದಲಿಸುವುದು ಕನಸಿನ ಮಾತು.

ಎರಡನೆಯದು, ಮುಂಭಾಗದ ಕ್ಯಾಲಿಬ್ರೇಷನ್ ಪಿನ್ನಿಗೆ ಪ್ರೋಬ್ ಸಿಕ್ಕಿಸುವುದು. ಅಲ್ಲಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಚೌಕ ಅಲೆ ಬರುತ್ತದೆ. ಟೈಮ್ ನಾಬ್ 0.2 ಮಿಲಿಸೆಕೆಂಡ್‌ನಲ್ಲಿದ್ದರೆ ಒಂದು ಅಲೆ ಸರಿಯಾಗಿ ಐದು ಮನೆ ತುಂಬಬೇಕು. ಎರಡೂ ಚಾನೆಲ್‌ನಲ್ಲಿ ನೋಡಿ.

ಮೂರನೆಯದು, ಪ್ರತಿ ನಾಬನ್ನೂ ಕೊನೆಯವರೆಗೆ ತಿರುಗಿಸುವುದು. ಗೆರೆ ಜಿಗಿದರೆ ಒಳಗೆ ಕೊಳೆಯಿರಬಹುದು, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಸ್ವಿಚ್ಚೇ ಮುರಿದಿದ್ದರೆ ಬಿಟ್ಟುಬನ್ನಿ.

‘100 ಮೆಗಾಹರ್ಟ್ಸ್ ಇದೆ’ ಎಂಬ ಆಸೆಗೆ ಬೀಳಬೇಡಿ. ಮೀಡಿಯಂ ವೇವ್ ಸುಮಾರು 1,600 ಕಿಲೋಹರ್ಟ್ಸ್‌ಗೇ ಮುಗಿಯುತ್ತದೆ. ರೇಡಿಯೊದೊಳಗಿನ ಐ.ಎಫ್. ಸಾಮಾನ್ಯವಾಗಿ 455 ಕಿಲೋಹರ್ಟ್ಸ್. ಹಾಗಾಗಿ ಕಾಲೇಜು ಲ್ಯಾಬ್‌ಗಳಲ್ಲಿ ನೋಡಿರುವಂಥ 20 ಮೆಗಾಹರ್ಟ್ಸ್, ಎರಡು ಚಾನೆಲ್‌ನ ಅನಲಾಗ್ ಸ್ಕೋಪ್ ಧಾರಾಳ. ಉಳಿದ ಹಣದಲ್ಲಿ ಒಳ್ಳೆಯ 10:1 ಪ್ರೋಬ್ ಕೊಳ್ಳಿ. ಅದರ ವೋಲ್ಟೇಜ್ ಮಿತಿ ಓದಿಕೊಳ್ಳಿ.

ಹಣಕ್ಕಿಂತ ಜೀವ ದೊಡ್ಡದು. ಕೆಲವು ಹಳೆ ರೇಡಿಯೊಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾಸಿಗೇ ಕರೆಂಟ್ ಹರಿಯುತ್ತಿರಬಹುದು. ಸ್ಕೋಪಿನ ಅರ್ತ್ ಕ್ಲಿಪ್ ಅದಕ್ಕೆ ತಗುಲಿದರೆ ಶಾರ್ಟ್ ಆಗುತ್ತದೆ. ಇದನ್ನು ತಪ್ಪಿಸಲು ಸ್ಕೋಪಿನ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಆಗ ಸ್ಕೋಪಿನ ಇಡೀ ಮೈಯೇ ಶಾಕ್ ಹೊಡೆಯಬಹುದು. ರೇಡಿಯೊವನ್ನು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುವುದೇ ಸರಿಯಾದ ದಾರಿ.

ಎರಡನೇ ಸ್ಕೋಪ್ ಕೈಕೊಡಲಿಲ್ಲ. ಕೆಪಾಸಿಟರ್ ಬದಲಿಸಿದ ಸಂಜೆ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳಿಸಿತು. ಅಜ್ಜಿ ಒಲೆ ಬಿಟ್ಟು ಎದ್ದುಬಂದರು. ವಾರದೊಳಗೆ ಪಕ್ಕದ ಬೀದಿಯವರು ತಮ್ಮ ರೇಡಿಯೊ ಹೊತ್ತುತಂದರು.

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಸಂದರ್ಶನದಲ್ಲಿ ‘ಪ್ರಾಕ್ಟಿಕಲ್ ಏನು ಗೊತ್ತು?’ ಎಂದು ಕೇಳಿದರೆ ಈಗ ತಲೆ ತಗ್ಗಿಸುವುದಿಲ್ಲ.